ಕಮಲಾಪುರದ ಫೋನು

ಹೋದ ವಾರ ಹುಮನಾಬಾದಿಗೆ ಹೊಂಟಿದ್ದೆ. ಕಮಲಾಪುರದ ಸ್ಟ್ಯಾಂಡಿನ್ಯಾಗ ಬಸ್ಸು ನಿಂತಾಗ ಒಬ್ಬಾಕಿ ಕೆಂಪು ಬಾಳಿಹಣ್ಣಿನ ಬುಟ್ಟಿ ಎತ್ತಿ ನನ್ನ ಕಿಡಕಿಗೆ ಹಿಡದಳು. ಹಣ್ಣು ಭಾಳ ಮಾಗಿದ್ವು, ಕೆಲವು ಸಿಪ್ಪಿ ಸೀಳಿದ್ವು. ಆ ವಾಸನಿ ಮೂಗಿಗೆ ಹೊಡದದ್ದೇ ತಡ, ನನಗ ಅಲ್ಲೆ ಕೂಡ್ಲಿಕ್ಕೆ ಆಗಲಿಲ್ಲ. "ಇಲ್ಲೇ ಇಳೀತೀನ್ರಿ" ಅಂದೆ. ಕಂಡಕ್ಟರ್ ನನ್ನ ಮಾರಿ ನೋಡಿದ. "ಟಿಕೀಟು ಹುಮನಾಬಾದಿಂದು ಅದಲ್ಲರೀ ಮ್ಯಾಡಂ?" ಅಂದ. ಇರಲಿ ಬಿಡ್ರಿ ಅಂತ ಚೀಲ ಹಿಡಕೊಂಡು ಇಳದುಬಿಟ್ಟೆ.

ಸೀದಾ ಮಾಣಿಕಪ್ಪ ಮಾಸ್ತರ ಹೆಂಡತಿ ಶಾಂತಾಬಾಯಿ ಮನಿಗೆ ಹೋದೆ. ಅಂಗಳದಾಗ ಕೂತು ತೊಗರಿ ಹಸನ ಮಾಡ್ಲಿಕತ್ತಿದ್ದರು. ಮೊಣಕಾಲು ಹೋಗ್ಯಾವ, ಕಣ್ಣು ಮಾತ್ರ ಇನ್ನೂ ಚುರುಕು ಅವ. ನನ್ನ ಗುರ್ತು ಹಿಡದರು. ಅದೂ ಇದೂ ಮಾತಾಡಿದ ಮ್ಯಾಲ ನಾ ಕೇಳೇಬಿಟ್ಟೆ, "ಆಯಿ, ಆ ವರ್ಷದ್ದು ಬರೀಬೇಕು ಅನಸ್ತದ. ಮಾಸ್ತರೂ ಇಲ್ಲ, ನಮ್ಮ ಕಾಕಾನೂ ಇಲ್ಲ ಈಗ. ಬರೀಲೇನ್ರಿ?" ಮೊರದಾಗಿನ ಹಳ್ಳು ಆರಿಸಿ ಒಗದು ಅಂದರು, "ಬರಿ. ಆದ್ರ ಛಂದ ಮಾಡಿ ಬರೀಬ್ಯಾಡ."

ಅದಕ್ಕ ಇದ್ದದ್ದು ಇದ್ದಂಗ ಬರೀತೀನಿ.

ನಮ್ಮ ಕಾಕಾ ಶ್ರೀನಿವಾಸರಾಯರು ಬ್ಯಾಂಕಿನ್ಯಾಗ ಇದ್ದು ರಿಟೈರ್ ಆದವರು. ಕಲಬುರಗಿಯ ಒಂದು ಪೇಪರಿಗೆ ರವಿವಾರಕ್ಕೊಮ್ಮೆ 'ಖಾರಾ ಹಿಂಡಿ' ಅಂತ, ರೊಟ್ಟಿಗೆ ಹಚ್ಚಗೊಳ್ಳೋ ಮೆಣಸಿನಕಾಯಿ ಚಟ್ನಿ ಹೆಸರಿಲೆ, ಅಂಕಣ ಬರೀತಿದ್ದರು. ಮಂದಿಗೆ ಉರೀಬೇಕು, ಅದೇ ಅವರ ಸಂತೋಷ. ನಮ್ಮ ಊರಿನವರು ಬಿಸಲನ್ನ ತಾವೇ ಮಾಡಿದಂಗ ಹೆಮ್ಮಿ ಪಡ್ತಾರ ಅಂತ ಬರದರು. ಜೇವರ್ಗಿ ಕಾಲೋನಿಯೊಳಗ ಮಕ್ಕಳನ್ನ ಚೀಲಕ್ಕ ತೊಗರಿ ತುಂಬಿದಂಗ ಟ್ಯೂಷನ್ನಿಗೆ ತುಂಬತಾರ ಅಂತ ಬರದರು, ಅದೂ ತಾವೇ ಅದೇ ಕಾಲೋನಿಯೊಳಗ ಮನಿ ಕಟಗೊಂಡು. ಮರುದಿನ ಬಾಜೂ ಮನಿಯವರು ಕಾಕಾನ ಮನಿಗೆ ಹಾಲು ಕೊಡೋದು ಬಿಟ್ಟರು. ಕಾಕಾನ ಹೆಂಡತಿ, ನಮ್ಮ ಕಾಕು, ಹಣಿ ಹಣಿ ಬಡಕೊಂಡರು, "ನಿಮ್ಮ ಪೆನ್ನಿಗೆ ನಮ್ಮ ಓಣಿನೇ ಸಿಗಬೇಕೇನು?" ಕಾಕಾಗ ಖುಷಿ. ಉರದದ, ಅಂದರ ಓದ್ಯಾರ ಅಂತ.

ಆ ವರ್ಷ ಮಳಿಗಾಲಕ್ಕ ಕಾಕಾನ ಕಣ್ಣು ಕೈಕೊಟ್ಟವು. ಕಣ್ಣಿನ ನರ ಒಣಗಲಿಕತ್ತಾವ, ಓದೋದು ಬರಿಯೋದು ಬಂದ್ ಮಾಡ್ರಿ ಅಂದರು ಡಾಕ್ಟರು. ನಾ ಬಿ.ಎಡ್ ಮುಗಿಸಿ ನೌಕರಿ ಕಾಯ್ಕೋತ ಮನ್ಯಾಗ ಕೂತಿದ್ದೆ. "ವೈಜೂನ ಕಳಸ್ರಿ, ಆಕಿ ಅಕ್ಷರ ಛಲೋ ಅವ" ಅಂತ ನಮ್ಮಪ್ಪಗ ಹೇಳಿ ಕರಸಗೊಂಡರು. ಹಿಂಗ ನಾ ಖಾರಾ ಹಿಂಡಿ ಬರಕೊಳ್ಳೋಕಿ ಆದೆ.

ಕಾಕಾ ಕೈ ಹಿಂದ ಕಟ್ಟಿ ಪಡಸಾಲ್ಯಾಗ ತಿರಗಾಡಕೋತ ಹೇಳೋರು, ನಾ ಬರಕೊಳ್ಳಾಕಿ. ಒಂದು ಪ್ಯಾರಾ ಮುಗಿದ ಮ್ಯಾಲ ನಿಂತು ಕೇಳೋರು, "ಇದಕ್ಕ ಯಾರು ಸಿಟ್ಟಿಗೇಳ್ತಾರ ಹೇಳು." ಯಾರೂ ಏಳಂಗಿಲ್ಲ ಕಾಕಾ ಅಂದರ, "ಹಂಗಾರ ಹೊಡದಹಾಕು" ಅನ್ನೋರು. ಎಷ್ಟೋ ಒಳ್ಳೆ ಮಾತು ಹಿಂಗೇ ಹೊಡದಹಾಕೀನಿ ನಾನು.

ಅಂಕಣದ ಕೆಳಗ ಅವರ ಮೊಬೈಲ್ ನಂಬರ್ ಛಾಪಸ್ತಿದ್ದರು. ರವಿವಾರ ಮುಂಜಾನೆ ಚಹಾ ಆದ ಮ್ಯಾಲ ಫೋನು ಸ್ಪೀಕರಿಗೆ ಹಾಕಿ ಟೇಬಲ್ ಮ್ಯಾಲ ಇಟ್ಟು ಕೂಡೋರು, ಒಳಗ ಕಾಕೂಗೂ ಕೇಳಬೇಕಂತ. ಹೊಗಳವರ ಫೋನು ಬಂದರ "ಆಯ್ತರೀ, ನಮಸ್ಕಾರ" ಅಂತ ಲಗೂನ ಕಟ್. ಬೈಯವರು ಬಂದರ ಕುರ್ಚಿ ಹಂತೇಲಿ ಎಳಕೊಳ್ಳೋರು. ನಮ್ಮ ಊರಿನ ರೋಜಾ ಓಣಿಯ ಒಬ್ಬ ಅತ್ತರ್ ಅಂಗಡಿಯವ "ಆಪ್ ಕ್ಯಾ ಸಮಝ್‌ಕೆ ಲಿಖ್ತೆ ಸಾಬ್, ಏನು ತಿಳಕೊಂಡು ಬರೀತೀರಿ?" ಅಂತ ಶುರು ಮಾಡಿದರ ಅರ್ಧ ತಾಸು ಬಿಡತಿರಲಿಲ್ಲ. ಮುಂದಿನ ವಾರದ ಅಂಕಣ ಈ ಜಗಳದಾಗೇ ಹುಟ್ಟತಿತ್ತು.

ಎಲ್ಲಾರಕಿಂತ ದೊಡ್ಡ ಜಗಳಗಂಟ ಅಂದರ ಕಮಲಾಪುರದ ಮಾಣಿಕಪ್ಪ ಮಾಸ್ತರು. ಸಾಲಿ ಹೆಡ್‌ಮಾಸ್ತರ್ ಆಗಿ ರಿಟೈರ್ ಆದವರು, ಸ್ವಲ್ಪ ಬಾಳಿ ಹಚ್ಚಿದ್ದರು. ಕಾಕಾ ಒಮ್ಮೆ, ಕಮಲಾಪುರದ ಕೆಂಪು ಬಾಳಿಹಣ್ಣಿನ ಗುಣಗಾನ ಎಲ್ಲಾ ಬರೇ ಬಣ್ಣದ್ದು, ರುಚಿ ನೋಡಿದರ ಎಲ್ಲಾ ಬಾಳಿಹಣ್ಣಿನಂಗೇ ಅಂತ ಬರದಿದ್ದರು. ಅವತ್ತು ಮೊದಲನೇ ಫೋನು ಬಂದಿತ್ತಂತ.

"ನಮಸ್ಕಾರ ರಾಯರ. ಹಣ್ಣು ತಿಂದು ಬರದೀರೋ, ತಿನ್ನದೇ ಬರದೀರೋ?"

"ಬರೀಲಿಕ್ಕೆ ತಿನ್ನಬೇಕಂತ ಎಲ್ಲಿ ಅದರೀ?"

"ಬರಿಯಾಕ ಬ್ಯಾಡ್ರಿ. ಬೈಯಾಕ ಆದ್ರ ಬೇಕು."

ಮರುವಾರ ಬಸ್ಸಿನ ಡ್ರೈವರ್ ಕೈಯಾಗ ಒಂದು ಗೊನಿ ಬಂತು. ಮನಿ ತುಂಬ ಅದೇ ವಾಸನಿ. ಕಾಕಾ ತಿಂದರು, ಮತ್ತ ತಿಂದರು, ಛಲೋ ಅದ ಅಂದರು. ಅಂಕಣದಾಗ ಮಾತ್ರ ಬರೀಲಿಲ್ಲ. ಬರದರ ಅಂವ ಗೆದ್ದಂಗ ಆಗ್ತದ ಅಂತ. ಇದನ್ನೆಲ್ಲಾ ನನಗ ಕಾಕು ನಕ್ಕೋತ ಹೇಳ್ಯಾರ. ಅಂದಿನಿಂದ ರವಿವಾರ ತಪ್ಪಲಿಲ್ಲ. ಇಬ್ಬರೂ ಒಮ್ಮೆನೂ ಮಾರಿ ನೋಡಿರಲಿಲ್ಲ, ಬರೇ ಫೋನಿನ್ಯಾಗ ಬಡದಾಟ. ಮಾಸ್ತರು ದನಿ ಏರಸ್ತಿರಲಿಲ್ಲ. ಪೇಪರ್ ಮುಂದ ಇಟಗೊಂಡು, "ನಿಮ್ಮ ಮೂರನೇ ಸಾಲಿಗೆ ನಂದೊಂದು ತಕರಾರು ಅದ" ಅಂತ ಸಾಲಿ ಹುಡುಗರ ಪೇಪರ್ ತಿದ್ದಿದಂಗ ತಿದ್ದೋರು. ಕಾಕಾ ಹಲ್ಲು ಕಡೀತಿದ್ದರು, ಆದರ ಆ ಫೋನು ಬಂದ ಮ್ಯಾಲೇ ಅವರಿಗೆ ನಾಷ್ಟಾ ಇಳೀತಿತ್ತು.

ಗಣಪತಿ ಹಬ್ಬ ಮುಗೀತು. ಒಂದು ರವಿವಾರ ಮಾಸ್ತರ ಫೋನು ಬರಲಿಲ್ಲ. ಊರಿಗೆ ಹೋಗಿರಬೇಕು ಅಂದರು ಕಾಕಾ. ಮುಂದಿನ ವಾರನೂ ಇಲ್ಲ. ತಾವೇ ಹಚ್ಚಿದರು, ಸ್ವಿಚ್ ಆಫ್. "ಸಿಟ್ಟು ಬಂದದ ಗುರುಗಳಿಗೆ" ಅಂದರು. ಬಾಯಿಲೆ ನಗ್ಲಿಕತ್ತಿದ್ದರು, ಮಾರಿ ಮ್ಯಾಲ ನಗಿ ಇರಲಿಲ್ಲ.

ಅದೇ ದಿನಗಳಾಗ ಇನ್ನೊಂದು ಪೀಡಾ ಶುರು ಆತು. ರವಿವಾರ ಯಾವುದೋ ಗುರ್ತಿಲ್ಲದ ನಂಬರಿನಿಂದ ಫೋನು ಬರೋದು, ಎತ್ತಿದರ ಆ ಕಡಿ ಯಾರೂ ಮಾತಾಡತಿರಲಿಲ್ಲ. ಉಸರು ಮಾತ್ರ ಕೇಳಸ್ತಿತ್ತು, ಭಾರ ಉಸರು. ಮೊದಲ ಸಲ ಕಾಕಾ "ಯಾರ್ರೀ?" ಅಂದು ಬಿಟ್ಟರು. ಆಮ್ಯಾಲ ರೇಗಿದರು. "ಧಮ್ ಇದ್ದರ ಬಾಯಿ ಬಿಡು. ಮಾತಾಡ್ಲಿಕ್ಕೆ ಬರದಿದ್ದರ ಫೋನ್ ಯಾಕ ಹಚ್ಚತಿ?" ಅಂತ ಒದರಿ ಕಟ್ ಮಾಡಿದರು. ನಾ ಬಾಜೂಕೇ ಕೂತಿದ್ದೆ. ಒಳಗಿಂದ ಕಾಕು, "ಯಾಕ ಹಂಗ ಒದರ್ತೀರಿ, ಯಾರರೆ ಸಣ್ಣ ಹುಡುಗರು ಇದ್ದಿರಬೇಕು" ಅಂದರು.

ಮಾಸ್ತರನ್ನ ಮಾತಾಡಸಬೇಕಂತ ಕಾಕಾ ಬರಿಯೋದೇ ಬದಲ್ ಮಾಡಿದರು. ಯಾವ ಮಾತಿಗೆ ಅವರಿಗೆ ಉರೀತದ ಗೊತ್ತಿತ್ತಲ್ಲ, ಅದನ್ನೇ ಹುಡುಕಿ ಹುಡುಕಿ ಬರದರು. ಸರಕಾರಿ ಸಾಲಿ ಮಾಸ್ತರರ ಬಗ್ಗೆ ಬರದರು. ಹಳ್ಳಿಯಿಂದ ಓದಿ ಮ್ಯಾಲ ಬಂದವರು ಕಾರು ತಗೊಂಡ ದಿನಾನೇ ಊರ ಹಾದಿ ಮರೀತಾರ ಅಂತ ಬರದರು. ಊರೆಲ್ಲಾ ಉರೀತು, ಬ್ಯಾರೆ ಬ್ಯಾರೆ ಮಂದಿ ಬೈದರು, ಕಮಲಾಪುರ ಸುಮ್ಮನೇ ಇತ್ತು. ಆ ಸುಮ್ಮನಿರೋದು ಕಾಕಾಗ ಅವಮಾನ ಆದಂಗ ಆಗಿತ್ತು. ಯಾರರೆ ಬಸ್ ಹತ್ತಿ ಹೋಗಿ ನೋಡಿ ಬರಬಹುದಿತ್ತು. ನಮಗ್ಯಾರಿಗೂ ತಲಿಗೆ ಹೊಳೀಲೇ ಇಲ್ಲ. ಮಂದಿ ಮಾತು ಕೇಳಿ ಬದುಕವರ ಮನ್ಯಾಗ, ಸುಮ್ಮನಿದ್ದವರು ಸೋತಾರ ಅಂತನೇ ಲೆಕ್ಕ.

ತೊಗರಿ ಹೂ ಬಿಡೋ ಹೊತ್ತಿಗೆ ಅವರು ಮಾಸ್ತರ ಮ್ಯಾಲೇ ಒಂದು ಅಂಕಣ ಹೇಳಿ ಬರಸಿದರು. ಹೆಸರು ಹಾಕಲಿಲ್ಲ, ಕಮಲಾಪುರದ ಗುರುಗಳು ಅಂತ ಬರದರು. ಕಮಲಾಪುರದಾಗ ಯಾರಿಗೆ ತಿಳಿಯಂಗಿಲ್ಲ?

ಆ ರವಿವಾರ ಫೋನು ಮ್ಯಾಲ ಫೋನು. ಅದರಾಗ ಒಂದು ಕಮಲಾಪುರದಿಂದನೇ ಬಂತು, ಯಾರೋ ಅಭಿಮಾನಿ. "ಛಲೋ ಹೊಡದ್ರಿ ಸರ. ಆ ಮಾಸ್ತರಗ ಹಂಗೇ ಆಗಬೇಕು. ಲಕ್ವಾ ಹೊಡದು ಬಾಯಿ ಬಿದ್ದು ಹೋಗ್ಯದ, ಆದ್ರೂ ಸೊಕ್ಕು ಇಳದಿಲ್ಲ ನೋಡ್ರಿ" ಅಂದ. ಅಂದು ನಕ್ಕ.

ಕಾಕಾ ಫೋನು ಕಟ್ ಮಾಡಲಿಲ್ಲ, ಕೈ ಹಂಗೇ ಫೋನಿನ ಮ್ಯಾಲ ಇಟಗೊಂಡು ಕೂತರು. ಆ ಕಡಿ ಅಂವ ಹಲೋ ಹಲೋ ಅನ್ನಲಿಕತ್ತಿದ್ದ. ಕಾಕು ಒಳಗಿಂದ ಬಂದು ಫೋನು ಆರಿಸಿದರು.

ಮರುದಿನ ಮುಂಜಾನೆನೇ ಕಾಕಾ ನಾನು ಬಸ್ ಹಿಡದು ಕಮಲಾಪುರಕ್ಕ ಹೋದಿವಿ. ಎರಡೂ ಕಡಿ ತೊಗರಿ, ಹಳದಿ ಹೂ. ಕಾಕಾಗ ಅದೂ ಸರಿ ಕಾಣತಿರಲಿಲ್ಲ. ದಾರಿ ತುಂಬ ಒಂದೇ ಮಾತು, "ನನಗೇನು ಗೊತ್ತಿತ್ತು ವೈಜೂ? ನೀನೇ ಹೇಳು, ನನಗೇನು ಗೊತ್ತಿತ್ತು?" ಬರಕೊಂಡಾಕಿ ನಾನೇ.

ಸಣ್ಣ ಮನಿ, ಸುಣ್ಣ ಹೊಡದದ್ದು. ಗ್ವಾಡಿ ಮ್ಯಾಲ ಬುದ್ಧನ ಫೋಟೋ. ಅದರ ಕೆಳಗ ಮಂಚದ ಮ್ಯಾಲ ಮಾಸ್ತರು ಎರಡು ಲೋಡಿಗೆ ಒರಗಿ ಕೂತಿದ್ದರು. ಬಲಗೈ ಮಡಿಲೊಳಗ ಬಿದ್ದಿತ್ತು. ಬಾಯಿ ಒಂದು ಕಡಿ ಜಗ್ಗಿತ್ತು. ಬಿಳಿ ಅಂಗಿ ಮಾತ್ರ ಇಸ್ತ್ರಿ ಮಾಡಿದ್ದು. ಕಾಕಾ ಹೆಸರು ಹೇಳಿದ ಕೂಡಲೇ ಶಾಂತಾಬಾಯಿ ಬಾಗಲದಾಗ ನಿಂತುಬಿಟ್ಟರು. ಒಳಗ ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತನೂ ಅನ್ನಲಿಲ್ಲ. ನಾವೇ ಹೋಗಿ ಕೂತಿವಿ.

"ಮಾಸ್ತರ, ತಪ್ಪಾತ್ರಿ. ನನಗ ಗೊತ್ತಿರಲಿಲ್ಲ" ಅಂದರು ಕಾಕಾ.

ಶಾಂತಾಬಾಯಿ ಒಳಗ ಹೋಗಿ ಹಿಂದಿನ ದಿನದ ಪೇಪರ್ ತಂದು ಕಾಕಾನ ತೊಡಿ ಮ್ಯಾಲ ಇಟ್ಟರು. "ಓದ್ರಿ" ಅಂದರು. "ನಿನ್ನೆ ನಾ ಓದಿ ಹೇಳೀನಿ. ಬರದವ್ರ ಬಾಯಾಗ ಇನ್ನೊಮ್ಮೆ ಕೇಳ್ಲಿ."

"ನನಗ ಕಣ್ಣು ಕಾಣಂಗಿಲ್ಲ ಅಕ್ಕಾರ."

"ಹಂಗಾರ ಹುಡುಗಿ ಓದ್ಲಿ."

ನಾ ಕಾಕಾನ ಮಾರಿ ನೋಡಿದೆ. ಅವರು ತಲಿ ತಗ್ಗಿಸಿದ್ದರು. ಓದಿದೆ. "ಕಮಲಾಪುರದಲ್ಲಿ ನನಗೊಬ್ಬ ಗುರುಗಳಿದ್ದರು. ಪ್ರತಿ ರವಿವಾರ ನನ್ನ ಕಿವಿ ಹಿಂಡುತ್ತಿದ್ದರು. ಈಗ ಅವರ ನಾಲಿಗೆಗೆ ಏನಾಗಿದೆಯೋ ತಿಳಿಯದು. ವಾದದಲ್ಲಿ ಸೋತವರು ಎರಡು ಬಗೆ. ಕೆಲವರು ಸೋತೆ ಎಂದು ಒಪ್ಪಿಕೊಳ್ಳುತ್ತಾರೆ. ಕೆಲವರು ಬಾಯಿ ಕಳೆದುಕೊಳ್ಳುತ್ತಾರೆ." ನನ್ನ ದನಿ ನನಗೇ ಬ್ಯಾರೆ ಯಾರದೋ ಅನಸ್ತಿತ್ತು. ಮಾಸ್ತರು ಕಾಕಾನ ಕಡಿ ನೋಡತಿರಲಿಲ್ಲ, ನನ್ನ ಬಾಯಿನೇ ನೋಡತಿದ್ದರು.

ಆ ಸಾಲು ಮುಗಿಸಿದ ಕೂಡಲೇ ಅವರ ಎಡಗೈ ಬೆರಳು ಮ್ಯಾಲ ಎದ್ದಿತು. ನಿಲ್ಲಸು ಅನ್ನೋವಂಗ. ನಾ ನಿಲ್ಲಿಸಿದೆ. ಬಾಯಿ ಅಲ್ಲಾಡಿಸಿದರು, ಗಂಟಲೊಳಗ ಏನೋ ತಿರಗಾಡಿತು, ಕುತ್ತಿಗಿ ನರ ಉಬ್ಬಿದವು. ಜೊಲ್ಲು ಇಳೀತು. ಶಾಂತಾಬಾಯಿ ಸೆರಗಿಲೆ ವರಸಿದರು. ಮಾತು ಬರಲಿಲ್ಲ. ಬೆರಳು ಇಳಿಸಿದರು. ಮುಂದ ಓದು ಅಂತ ಶಾಂತಾಬಾಯಿ ಕಣ್ಣಿಲೇ ಹೇಳಿದರು, ಕಡೀತನಕ ಓದಿದೆ. ಯಾವ ಸಾಲಿಗೆ ಅವರ ತಕರಾರು ಇತ್ತು ಅಂತ ನನಗ ಗೊತ್ತು. ಏನು ತಕರಾರು ಇತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ಕ್ಲಾಸಿನ್ಯಾಗ ಯಾವುದರೆ ಹುಡುಗ ಬೆರಳೆತ್ತಿದರ ಓದಲಿಕತ್ತಿದ್ದ ಪಾಠ ಅಲ್ಲೇ ನಿಲ್ಲಸ್ತೀನಿ.

ಆಮ್ಯಾಲ ಶಾಂತಾಬಾಯಿ ಕೂತರು. ಸಿಟ್ಟಿಲೆ ಅಲ್ಲ, ದಣದವರಂಗ ಮಾತಾಡಿದರು. "ಗಣಪತಿ ಆದ ಮ್ಯಾಲ ಬಾವಿ ಕಡಿ ಹೋದವ್ರು ಅಲ್ಲೇ ಬಿದ್ರು. ಫೋನು ನೀರಾಗ ಹೋತು. ಬಾಯಿ ಹೋದ್ರೂ ಹಟಾ ಹೋಗಿಲ್ಲ. ರವಿವಾರ ಪೇಪರ್ ಓದಸ್ಕೊತಾರ, ಓದಿದ ಮ್ಯಾಲ ನನ್ನ ಫೋನಿಗೆ ಕೈ ಮಾಡ್ತಾರ. ನಿಮ್ಮ ನಂಬರ್ ಹಚ್ಚಿ ಕಿವಿಗಿ ಹಿಡೀತೀನಿ. ನಾ ಹೇಳ್ತೀನಿ ತಾ ಅಂದ್ರ ಫೋನು ಬಿಡಾಂಗಿಲ್ಲ. ತನ್ನ ಜಗಳ ತಾನೇ ಆಡಬೇಕಂತ. ನೀವು ಒದರ್ತಿದ್ರಿ, ಇಟ್ಟುಬಿಡ್ತಿದ್ರಿ."

ಕಾಕಾ ಎರಡೂ ಕೈಲೆ ಮಾರಿ ಮುಚಗೊಂಡರು. ಅವರು ಅತ್ತದ್ದು ನಾ ಅದೇ ಮೊದಲ ಸಲ ನೋಡಿದ್ದು. ಕಣ್ಣು ವರಸಗೊಂಡು, "ಅಕ್ಕಾರ, ಇನ್ನ ಮುಂದೂ ಹಚ್ಚರಿ. ನಾನೇ ಮಾತಾಡ್ತೀನಿ. ಅವರ ಕಡಿಂದನೂ ನಾನೇ ಮಾತಾಡ್ತೀನಿ" ಅಂದರು. ಮಾಸ್ತರ ಕಣ್ಣು ಮೊದಲ ಸಲ ಕಾಕಾನ ಮ್ಯಾಲ ನಿಂತವು.

ಹೊಂಟಾಗ ಶಾಂತಾಬಾಯಿ ಅಂಗಳದತನಕ ಬಂದರು. "ಹಚ್ಚತೀನಿ. ನೀವು ಒಂದು ನಡಸಿ ಕೊಡ್ರಿ. ನಮ್ಮ ಬಗ್ಗೆ ಇನ್ನ ಬರೀಬ್ಯಾಡ್ರಿ. ತಪ್ಪಾತು ಅಂತನೂ ಬರೀಬ್ಯಾಡ್ರಿ. ಅವ್ರು ಮಂಚದ ಮ್ಯಾಲ ಹಿಂಗ ಕುಂತಾರಂತ ಊರೂರಿಗೆ ಗೊತ್ತಾಗೂದು ಬ್ಯಾಡ." ಕಾಕಾ ಕೈ ಮುಗದು ಹೂಂ ಅಂದರು. ನಾ ಅಲ್ಲೇ ಇದ್ದೆ, ಕೇಳೀನಿ.

ಆಮ್ಯಾಲಿನ ರವಿವಾರಗಳು ನಮ್ಮ ಮನ್ಯಾಗ ಬಂದ ಅತೀ ಒಳ್ಳೆ ದಿನ. ಫೋನು ಬರೋದು. ಕಾಕಾ ಗಂಟಲು ಸರಿಮಾಡಕೊಂಡು, "ನಮಸ್ಕಾರ ಮಾಸ್ತರ. ಇವತ್ತಿನ ಎರಡನೇ ಪ್ಯಾರಾಕ್ಕ ನೀವು ಹಿಂಗ ಅಂತಿದ್ರಿ" ಅಂತ ಶುರು ಮಾಡೋರು. ಮಾಸ್ತರ ಮಾತು ತಾವೇ ಹೇಳೋರು, ಅದಕ್ಕ ತಾವೇ ಉತ್ತರ ಕೊಡೋರು, ತಮ್ಮ ಉತ್ತರ ಸೋತಲ್ಲಿ "ಆತು, ಇದು ನಿಮ್ಮ ಕಡಿ" ಅಂತ ಒಪ್ಪಕೊಳ್ಳೋರು. ಆ ಕಡಿಂದ ಒಮ್ಮೊಮ್ಮೆ "ಹ್ಞಂ" ಅಂತ ಬರೋದು. ಅಷ್ಟಕ್ಕೇ ಕಾಕಾನ ಮಾರಿ ಅರಳತಿತ್ತು. ಕಾಕು ಅಡಗಿ ಮನಿಯಿಂದ ನಗತಿದ್ದರು, "ಒಬ್ಬರೇ ಜಗಳಾಡೋದು ಕಲತೀರಿ, ಇನ್ನ ನನ್ನ ಪಾಲಿಂದೂ ನೀವೇ ಆಡಕೋರಿ."

ಆದರ ಅಂಕಣದಾಗ ಖಾರ ಕಡಿಮಿ ಆತು. ಬರಿಯುವಾಗೇ ಮಾಸ್ತರ ತಕರಾರು ನೆನಪಾಗಿ ಕಾಕಾ ಸಾಲು ತಿದ್ದಿಬಿಡತಿದ್ದರು. ಓದವರು ಬಿಡ್ತಾರ? ಕೋಟೆ ಕಡಿ ವಾಕಿಂಗಿಗೆ ಹೋದರ "ಏನ್ರೀ ರಾಯರ, ಹಿಂಡಿಗೆ ಉಪ್ಪೂ ಇಲ್ಲ ಖಾರನೂ ಇಲ್ಲ" ಅನ್ನೋರು. ಪೇಪರಿನವರೂ ಒಮ್ಮೆ ಫೋನ್ ಮಾಡಿ, ಬ್ಯಾರೆ ಯಾರಿಗರೆ ಆ ಜಾಗ ಕೊಡೋಣೇನು, ನೀವೂ ದಣದೀರಿ ಅಂತ ಮೆತ್ತಗ ಕೇಳಿದರು. ಅವತ್ತು ಕಾಕಾ ಊಟಾ ಮಾಡಲಿಲ್ಲ. ಕಣ್ಣಂತೂ ಹೋಗಲಿಕತ್ತಿದ್ದವು. ಅಂಕಣನೂ ಹೋದರ ಅವರಿಗೆ ಉಳೀತಿದ್ದದ್ದು ಏನು?

ಎಳ್ಳ ಅಮಾಸಿ ಮುಂದ ಒಂದು ದಿನ ಕರದರು. "ಬರಕೋ ವೈಜೂ." ಮೊದಲನೇ ಸಾಲಿಗೇ ನನ್ನ ಪೆನ್ನು ನಿಂತಿತು.

"ಕಾಕಾ, ಬ್ಯಾಡ ಅಂದಾರ ಅವರು."

"ನನ್ನ ತಪ್ಪು ನಾ ಒಪ್ಪಕೋಬಾರದೇನು?"

"ಅವರ ಮುಂದ ಒಪ್ಪಕೊಂಡೀರಲ್ಲ."

"ಬೈದದ್ದು ಮಂದಿ ಮುಂದ. ಒಪ್ಪಕೊಳ್ಳೋದೂ ಮಂದಿ ಮುಂದ ಆಗಬೇಕು." ನಾ ಪೆನ್ನು ಮತ್ತ ಎತ್ತಿದೆ. ಕಾಕು ಬಾಗಲಿಗೆ ಬಂದು, "ಮಾತು ಕೊಟ್ಟು ಬಂದೀರಿ" ಅಂದರು. ಕಾಕಾ ಕೇಳದವರಂಗ ಹೇಳಕೋತ ಹೋದರು. ಯಾರು ಸಿಟ್ಟಿಗೇಳ್ತಾರ ಅಂತ ಅವತ್ತು ಕೇಳಲಿಲ್ಲ. ಮಂಚ ಬಂತು, ಜಗ್ಗಿದ ಬಾಯಿ ಬಂತು, ಸೆರಗಿಲೆ ವರಸಿದ್ದು ಬಂತು. ಬೆರಳೆತ್ತಿದ್ದಕ್ಕ "ಆ ಬೆರಳು ನನ್ನನ್ನು ಕ್ಷಮಿಸಿತು" ಅಂತ ಹೇಳಿ ಬರಸಿದರು.

"ಕಾಕಾ, ಅದು ಕ್ಷಮಾ ಅಲ್ಲ. ಅದು ತಕರಾರು."

"ನಿನಗ ಹೆಂಗ ಗೊತ್ತು?" ಅಂದರು. ನನ್ನ ಕಡಿ ತಿರಗಲಿಲ್ಲ.

ಖರೆ ಹೇಳ್ತೀನಿ, ಅಷ್ಟು ಛಲೋ ಅವರು ಎಂದೂ ಬರದಿರಲಿಲ್ಲ. ರವಿವಾರ ಮುಂಜಾನೆಯಿಂದ ಫೋನು ಬಿಡಲಿಲ್ಲ. ಬೈಯವರೂ ಹೊಗಳಿದರು. ಅತ್ತರ್ ಅಂಗಡಿಯವ "ರುಲಾ ದಿಯೆ ಸಾಬ್, ಅಳಸಿಬಿಟ್ರಿ" ಅಂದ. ಒಬ್ಬಾಕಿ ಟೀಚರ್, ಮಕ್ಕಳಿಗೆ ಓದಿ ಹೇಳ್ತೀನಿ ಅಂದಳು. ಪೇಪರಿನವರು ತಾವೇ ಫೋನ್ ಮಾಡಿ, ಜಾಗದ ಮಾತು ಮರತುಬಿಡ್ರಿ ಅಂದರು. ಕಾಕಾ ಎಲ್ಲಾರಿಗೂ "ಆಯ್ತರೀ, ನಮಸ್ಕಾರ" ಅಂತ ಕಟ್ ಮಾಡ್ಲಿಕತ್ತಿದ್ದರು. ಕಮಲಾಪುರದವರಿಗೆ ಲೈನು ಸಿಗಂಗಿಲ್ಲ ಅಂತ. ಮಧ್ಯಾಹ್ನ ಆತು, ಸಂಜಿ ಆತು. ಆ ಫೋನು ಬರಲಿಲ್ಲ. ಮುಂದಿನ ವಾರನೂ ಬರಲಿಲ್ಲ. ಕಾಕಾ ಹಚ್ಚಿದರ ರಿಂಗ್ ಆಗಿ ಆಗಿ ನಿಲ್ಲತಿತ್ತು.

ಸಂಕ್ರಮಣ ಆದ ಮ್ಯಾಲ ನಾ ಒಬ್ಬಾಕಿನೇ ಹೋದೆ. ನಾ ಹೋದಾಗ ಮಾಸ್ತರು ಮಲಗಿದ್ದರು. ಹೊರಗ ಎರಡು ಮೋಟಾರ್ ಸೈಕಲ್ ನಿಂತಿದ್ದವು, ಅಂಗಳದಾಗ ಯಾರೋ ಹರೇದವರು, ಕೈಯಾಗ ಪೇಪರಿನ ಕತ್ತರಿಸಿದ ತುಂಡು. ಮಾಸ್ತರನ್ನ ನೋಡಲಿಕ್ಕೆ ಬಂದವರಂತ. ಶಾಂತಾಬಾಯಿ ಅವರನ್ನ ಕೈ ಮುಗದು ಹೊರಗಿಂದ ಹೊರಗೇ ಕಳಿಸಿ, ನನ್ನನ್ನ ಒಳಗ ಕರದರು.

"ದಿನಾ ಬರಾಕತ್ತಾರ" ಅಂದರು. "ನಿಮ್ಮ ಕಾಕಾ ಛಲೋ ಬರದಾರ. ನಾನೇ ಓದಿ ಹೇಳಿದೆ, ಒಂದು ಸಾಲು ಬಿಡದಂಗ. ಕೇಳಿದ್ರು. ಮುಗದ ಮ್ಯಾಲ ನಾ ಫೋನು ಹಚ್ಚಿ ಕಿವಿಗಿ ಹಿಡಿಯಾಕ ಹೋದೆ. ಮಾರಿ ಗ್ವಾಡಿ ಕಡಿ ತಿರುವಿದ್ರು. ಅವತ್ತಿಂದ ಪೇಪರ್ ತರಸೂದು ಬಿಟ್ಟೀನಿ."

ಚಹಾ ಮಾಡಿ ಕೊಟ್ಟರು. ಕುಡದು ಬಸ್ ಹಿಡದೆ.

ಮನಿಗೆ ಬಂದಾಗ ಕಾಕಾ ಬಾಗಲದಾಗೇ ಕುರ್ಚಿ ಹಾಕ್ಕೊಂಡು ಕೂತಿದ್ದರು. ನನ್ನ ಚಪ್ಪಲಿ ಸಪ್ಪಳಕ್ಕ ಗುರ್ತು ಹಿಡದು, "ಏನಂದರು?" ಅಂದರು. ಹಾದಿಯೊಳಗ ಏನೇನೋ ಸುಳ್ಳು ಕೂಡಿಸಿಕೊಂಡು ಬಂದಿದ್ದೆ. ಅವರ ಮಾರಿ ನೋಡಿ ಯಾವುದೂ ಬಾಯಿಗೆ ಬರಲಿಲ್ಲ.

"ಪೇಪರ್ ತರಸೋದು ಬಿಟ್ಟಾರ ಕಾಕಾ."

ಒಳಗ ಫೋನು ಹೊಡಕೊಳ್ಳಲಿಕತ್ತಿತ್ತು, ಯಾರೋ ಅಭಿಮಾನಿ ಇದ್ದಿರಬೇಕು. ಇಬ್ಬರೂ ಏಳಲಿಲ್ಲ.

"ಹಂಗಾರ ಇನ್ನ ಓದಂಗಿಲ್ಲ?" ಅಂದರು.

"ಓದಂಗಿಲ್ಲ" ಅಂದೆ.